ಟ್ವೆಂಟಿ ಎಯ್ಟ್ ಒನ್ ಆಗಿದೆ ಅಂದರೆ ಜಮೀನು ಹೋಯಿತು ಅಂತಲೇ?

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಕಡೆ ಇಬ್ಬರು ರೈತರು ಎದುರಾದರೆ ಮೊದಲು ಬರುತ್ತಿದ್ದ ಮಾತು ರೇಷ್ಮೆ ಗೂಡಿನ ರೇಟಿನದು. ಈಗ ಅದಕ್ಕೂ ಮುಂಚೆ ಬರುವ ಪ್ರಶ್ನೆ, "ನಿಮ್ದೂ ಟ್ವೆಂಟಿ ಎಯ್ಟ್ ಒನ್ ಆಗೈತಾ?" ಅಂದರೆ, ನಿಮ್ಮ ಜಮೀನು ಬೇಕು ಅಂತ ಸರ್ಕಾರ 28(1)ನೇ ಕಲಂನಡಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿದೆಯೇ ಅಂತ. ಕೈಗಾರಿಕಾ ಪ್ರದೇಶಕ್ಕೆಂದು ಆ ಹೋಬಳಿಯಲ್ಲಿ ಸುಮಾರು 2,800 ಎಕರೆ ಗುರುತಿಸಿದ ಮೇಲೆ ಕೊಡ್ತೀವಿ ಅನ್ನುವವರದ್ದೊಂದು ಗುಂಪು, ಕೊಡೋದೇ ಇಲ್ಲ ಅನ್ನುವವರದ್ದೊಂದು ಗುಂಪು ಆಗಿದೆ. ಮಾಲೂರು, ಬಂಗಾರಪೇಟೆ ಕಡೆಯವರು ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಹೊಲ ಬಿಟ್ಟುಕೊಟ್ಟು ವರ್ಷಗಳಾದವು. ನರಸಾಪುರ, ವೇಮಗಲ್, ತುಮಕೂರಿನ ವಸಂತನರಸಾಪುರದ ಸುತ್ತಲಿನವರಿಗೆ ಈ ಅನುಭವ ಇನ್ನೂ ಹಳೆಯದು.

ಇಷ್ಟಾದರೂ ಟೀ ಅಂಗಡಿಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಅಲ್ಲಿದ್ದ ಯಾರಿಂದಲೂ ನೇರ ಉತ್ತರ ಬರಲಿಲ್ಲ. "ಏನಪ್ಪಾ, ನೋಟಿಸ್ ಬಂದೈತೆ. ಇನ್ನ ಈ ಜಮೀನು ನಂದಾ, ಸರ್ಕಾರದ್ದಾ? ಸೊಪ್ಪು ಹಾಕ್ಬೋದಾ, ಬೇಡ್ವಾ?" ಒಬ್ಬರು "ಹೋಯ್ತು ಬಿಡಿ" ಅಂದರು. ಇನ್ನೊಬ್ಬರು "ನೀವು ಸೈನ್ ಹಾಕದೆ ಏನೂ ಮಾಡಕ್ಕಾಗಲ್ಲ" ಅಂದರು. ಎರಡೂ ತಪ್ಪು. ಯಾಕೆ ತಪ್ಪು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಸರ್ಕಾರಕ್ಕೆ ಈ ಅಧಿಕಾರ ಎಲ್ಲಿಂದ ಬಂತು

ನಮ್ಮ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ, ಕೆರೆಗಳೇ ಗತಿ. ಕೆರೆ ಕಟ್ಟಬೇಕಾದರೆ ಯಾರದೋ ಹೊಲ ಮುಳುಗಲೇಬೇಕು. ಆ ಒಬ್ಬ ಒಪ್ಪದಿದ್ದರೆ ಇಡೀ ಊರಿಗೆ ನೀರಿಲ್ಲ. ಹಾಗಂತ ಅವನ ಹೊಲವನ್ನು ಸುಮ್ಮನೆ ಮುಳುಗಿಸಿ, ಅವನನ್ನು ಬೀದಿಗೆ ಬಿಟ್ಟರೆ ಅದು ನ್ಯಾಯವೂ ಅಲ್ಲ. ಊರಿನ ಹಿತಕ್ಕೆ ಒಬ್ಬನ ನೆಲವನ್ನು ಅವನು ಒಪ್ಪದಿದ್ದರೂ ತೆಗೆದುಕೊಳ್ಳಬಹುದು, ಆದರೆ ಅದರ ಬೆಲೆ ಕೊಡಬೇಕು ಅನ್ನುವ ಈ ತತ್ವಕ್ಕೆ ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಶಿಯಸ್ 1625ರಲ್ಲಿ ಲ್ಯಾಟಿನ್ನಿನಲ್ಲಿ ಒಂದು ಹೆಸರು ಕೊಟ್ಟ. ಅದೇ ಮುಂದೆ ಇಂಗ್ಲಿಷಿನಲ್ಲಿ 'ಎಮಿನೆಂಟ್ ಡೊಮೈನ್' ಆಯಿತು. ನಮ್ಮಲ್ಲಿ ಬಳಕೆಯಲ್ಲಿರುವ ಮಾತು ಭೂಸ್ವಾಧೀನ.

ಬ್ರಿಟಿಷರು ಅದನ್ನು 1894ರ ಕಾಯ್ದೆಯಾಗಿ ಬರೆದರು. ಸ್ವಾತಂತ್ರ್ಯ ಬಂದ ಮೇಲೂ ಆರು ದಶಕ ಅದೇ ಕಾಯ್ದೆ ನಡೆಯಿತು. 1950ರ ಸಂವಿಧಾನದಲ್ಲಿ ಆಸ್ತಿ ಹೊಂದುವುದು ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು, 300ಎ ಎಂಬ ಬೇರೆ ವಿಧಿಯಲ್ಲಿ ಒಂದೇ ವಾಕ್ಯವಾಗಿ ಇಟ್ಟಿತು: ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ.

"ಮೂಲಭೂತ ಹಕ್ಕಲ್ಲ ಅಂದ ಮೇಲೆ ಇನ್ನೇನು ಉಳೀತು?" ಅಂತ ಕೇಳುವವರಿದ್ದಾರೆ. ವ್ಯತ್ಯಾಸ ಇಷ್ಟೇ. ಮೂಲಭೂತ ಹಕ್ಕಿಗೆ ಪೆಟ್ಟು ಬಿದ್ದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವುದೇ ಒಂದು ಹಕ್ಕು. ಆಸ್ತಿಯ ವಿಷಯದಲ್ಲಿ ಆ ನೇರ ಬಾಗಿಲು ಮುಚ್ಚಿದೆ, ಹೈಕೋರ್ಟಿನ ಬಾಗಿಲು ತೆರೆದೇ ಇದೆ. ಸ್ವಂತ ಉಳುಮೆಯ, ಭೂಮಿತಿಯೊಳಗಿನ ಜಮೀನಿಗೆ ಮಾರುಕಟ್ಟೆ ಬೆಲೆಗಿಂತ ಕಡಿಮೆ ಕೊಡುವಂತಿಲ್ಲ ಅನ್ನುವ ಮಾತು ಸಂವಿಧಾನದ 31ಎ ವಿಧಿಯೊಳಗೆ ಈಗಲೂ ಇದೆ.

2024ರ ಮೇ ತಿಂಗಳಲ್ಲಿ ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಆ ಒಂದು ವಾಕ್ಯವನ್ನು ಬಿಡಿಸಿ ಹೇಳಿತು. ಸ್ವಾಧೀನ ಮಾಡುವ ಮುನ್ನ ಮಾಲೀಕನಿಗೆ ತಿಳಿಸಬೇಕು. ಅವನ ಆಕ್ಷೇಪ ಕೇಳಬೇಕು. ಕೇಳಿದ ಮೇಲೆ ಕಾರಣ ಕೊಟ್ಟು ಆದೇಶ ಬರೆಯಬೇಕು. ಉದ್ದೇಶ ಸಾರ್ವಜನಿಕವಾಗಿರಬೇಕು. ನ್ಯಾಯವಾದ ಪರಿಹಾರ ಕೊಡಬೇಕು, ಇಲ್ಲವೇ ಪುನರ್ವಸತಿ ಕಲ್ಪಿಸಬೇಕು. ಎಲ್ಲವೂ ದಕ್ಷವಾಗಿ, ಹೊತ್ತಿಗೆ ಸರಿಯಾಗಿ ನಡೆಯಬೇಕು. ಕೊನೆಗೆ ಪ್ರಕ್ರಿಯೆಗೆ ಒಂದು ಮುಕ್ತಾಯ ಇರಬೇಕು, ಜಮೀನನ್ನು ನಡುನೀರಲ್ಲಿ ಬಿಡುವಂತಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಸ್ವಾಧೀನವನ್ನು ಪ್ರಶ್ನಿಸಬಹುದು.

ಗಮನಿಸಿ, ಈ ಪಟ್ಟಿಯಲ್ಲಿ 'ಕೊಡಲ್ಲ ಅನ್ನುವ ಹಕ್ಕು' ಅಂತ ಒಂದಿಲ್ಲ. ಇರುವುದೆಲ್ಲ ಹೇಗೆ ತೆಗೆದುಕೊಳ್ಳಬೇಕು ಅನ್ನುವುದರ ಮೇಲಿನ ಹಿಡಿತ. ಮಾಲೀಕನ ಬಲವೆಲ್ಲ ಈ ಹಿಡಿತದಲ್ಲೇ ಇದೆ. ಆದರೆ ಅದಕ್ಕೆ ತಾರೀಕು, ಗಡುವು, ಕಾಗದ ಮೂರೂ ಬೇಕು. ನಾನು ಕಂಡ ಮಟ್ಟಿಗೆ ನಮ್ಮ ಜನ ಸೋಲುವುದು ವಾದದಲ್ಲಿ ಅಲ್ಲ, ಈ ಮೂರರಲ್ಲಿ.

ಬೋರ್ಡು ಓದಿ ಬಸ್ಸು ಹತ್ತಿ

ಬಸ್ ಸ್ಟ್ಯಾಂಡಿನಲ್ಲಿ ಮೂರು ಬಸ್ಸು ನಿಂತಿರುತ್ತವೆ. ಮೂರೂ ಕೋಲಾರದ ಕಡೆಗೇ ಹೋಗುತ್ತವೆ. ಆದರೆ ದಾರಿ ಬೇರೆ, ಟಿಕೆಟ್ ಬೇರೆ, ನಿಲ್ಲುವ ಸ್ಟಾಪು ಬೇರೆ. ಭೂಸ್ವಾಧೀನವೂ ಹಾಗೆಯೇ. ಜಮೀನು ಹೋಗುವುದು ಒಂದೇ ಥರ ಕಂಡರೂ ಯಾವ ಕಾಯ್ದೆಯಡಿ ಹೋಗುತ್ತಿದೆ ಅನ್ನುವುದರ ಮೇಲೆ ನಿಮ್ಮ ಹಕ್ಕು ಬದಲಾಗುತ್ತದೆ.

ಕೈಗಾರಿಕಾ ಪ್ರದೇಶಕ್ಕೆ ಆದರೆ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ. ಜನ 'ಕೆಐಎಡಿಬಿ' ಅನ್ನುವುದು ಅದರಡಿ ರಚನೆಯಾದ ಮಂಡಳಿಯನ್ನು. ರಾಷ್ಟ್ರೀಯ ಹೆದ್ದಾರಿಗೆ ಆದರೆ ಕೇಂದ್ರದ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ. ನೀರಾವರಿಯಂಥ ಬೇರೆ ಕೆಲಸಗಳಿಗೆ ಬಹುಮಟ್ಟಿಗೆ 2013ರ ಭೂಸ್ವಾಧೀನ ಕಾಯ್ದೆ. 1894ರ ಕಾಯ್ದೆಯನ್ನು ರದ್ದು ಮಾಡಿ 2014ರ ಜನವರಿ 1ರಿಂದ ಜಾರಿಗೆ ಬಂದದ್ದು ಈ ಮೂರನೆಯದು.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ. "ಶೇ 80ರಷ್ಟು ರೈತರು ಒಪ್ಪದೆ ಜಮೀನು ಮುಟ್ಟುವಂತಿಲ್ಲ" ಅನ್ನುವ ಸಂದೇಶ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಆ ಮಾತು ಇರುವುದು 2013ರ ಕಾಯ್ದೆಯಲ್ಲಿ, ಅದೂ ಖಾಸಗಿ ಕಂಪನಿಗೆಂದು ಜಮೀನು ತೆಗೆದುಕೊಡುವಾಗ ಮಾತ್ರ. ಸರ್ಕಾರಿ ಮತ್ತು ಖಾಸಗಿ ಸಹಭಾಗಿತ್ವದ ಯೋಜನೆಗಾದರೆ ಶೇ 70. ಸರ್ಕಾರ ತನಗಾಗಿಯೇ ತೆಗೆದುಕೊಂಡರೆ ಈ ಒಪ್ಪಿಗೆಯ ಲೆಕ್ಕವೇ ಬರುವುದಿಲ್ಲ. ಯೋಜನೆಯಿಂದ ಊರಿಗೆ ಏನಾಗುತ್ತದೆ ಅಂತ ಮೊದಲೇ ಅಳೆಯುವ ಸಾಮಾಜಿಕ ಪರಿಣಾಮ ಅಧ್ಯಯನವೂ ಅದೇ ಕಾಯ್ದೆಯದು. ಕರ್ನಾಟಕ 2019ರಲ್ಲಿ ತಿದ್ದುಪಡಿ ತಂದು ಕೆಲವು ಬಗೆಯ ಯೋಜನೆಗಳಿಗೆ ಅದರಿಂದ ವಿನಾಯಿತಿ ಕೊಟ್ಟುಕೊಂಡಿದೆ. ಇನ್ನು 1966ರ ಕಾಯ್ದೆಯ ದಾರಿಯಲ್ಲಿ ಈ ಒಪ್ಪಿಗೆಯ ಷರತ್ತೂ ಇಲ್ಲ, ಅಧ್ಯಯನದ ಷರತ್ತೂ ಇಲ್ಲ. ಕೈಗಾರಿಕೆಗೆ ಸರ್ಕಾರ ಆ ದಾರಿಯನ್ನೇ ಹಿಡಿಯುವುದಕ್ಕೆ ಇದೂ ಒಂದು ಕಾರಣ ಇರಬೇಕು ಅನ್ನುವ ರೈತರ ಅನುಮಾನವನ್ನು ಸುಮ್ಮನೆ ತಳ್ಳಿಹಾಕಲಾಗದು.

ಆದ್ದರಿಂದ ನೋಟಿಸು ಕೈಗೆ ಬಂದಾಗ ಎಕರೆ, ಗುಂಟೆ ನೋಡುವ ಮೊದಲು ಮೇಲಿನ ಎರಡು ಸಾಲು ಓದಿ. ಯಾವ ಕಾಯ್ದೆ, ಯಾವ ಕಲಂ ಅನ್ನುವುದು ಅಲ್ಲಿರುತ್ತದೆ.

28ರ ಮೆಟ್ಟಿಲುಗಳು

ಈಗ ಟೀ ಅಂಗಡಿಯ ಹಿರಿಯರ ಪ್ರಶ್ನೆಗೆ ಬರೋಣ. 1966ರ ಕಾಯ್ದೆಯ 28ನೇ ಕಲಂ ಒಂದು ಮೆಟ್ಟಿಲ ಸಾಲಿನಂತಿದೆ. ಅದರ ಮೊದಲ ಮೆಟ್ಟಿಲೇ 28(1), ಪ್ರಾಥಮಿಕ ಅಧಿಸೂಚನೆ. 'ಈ ಸರ್ವೆ ನಂಬರುಗಳ ಜಮೀನು ನಮಗೆ ಬೇಕಾಗಿದೆ' ಅಂತ ಸರ್ಕಾರ ತನ್ನ ಇರಾದೆಯನ್ನು ಸಾರುವುದು ಇದು. ಹೆಣ್ಣು ನೋಡಲು ಬಂದು ಹೋದ ಹಾಗೆ. ಮದುವೆ ಇನ್ನೂ ಆಗಿಲ್ಲ, ಆದರೆ ಊರಿಗೆಲ್ಲ ಸುದ್ದಿ ಆಗಿದೆ, ಬೇರೆ ಯಾರೂ ಕೇಳಿಕೊಂಡು ಬರುವುದಿಲ್ಲ.

ಜಮೀನು ಈ ಹಂತದಲ್ಲಿ ಪೂರ್ತಿಯಾಗಿ ನಿಮ್ಮದೇ. ಸೊಪ್ಪು ಹಾಕಬಹುದು, ಟೊಮೆಟೊ ನಾಟಿ ಮಾಡಬಹುದು. ಆದರೆ ಪಹಣಿಯ 11ನೇ ಕಾಲಂ ನೋಡಿ. ಸಾಲ, ಋಣ, ಇತರೆ ಹಕ್ಕುಗಳನ್ನು ಬರೆಯುವ ಆ ಜಾಗದಲ್ಲಿ ಅಧಿಸೂಚನೆಯ ವಿವರ ಬಂದು ಕೂತಿರುತ್ತದೆ. ಆಮೇಲೆ ಬ್ಯಾಂಕಿನವರು ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ, ಕೊಳ್ಳುವವರು ಹತ್ತಿರ ಸುಳಿಯುವುದಿಲ್ಲ, ಮಗಳ ಮದುವೆಗೆ ಅಂತ ಅರ್ಧ ಎಕರೆ ಮಾರುವುದೂ ಕಷ್ಟವಾಗುತ್ತದೆ.

ಎರಡನೇ ಮೆಟ್ಟಿಲು 28(2), ವೈಯಕ್ತಿಕ ನೋಟಿಸು. ಯಾಕೆ ಸ್ವಾಧೀನ ಮಾಡಬಾರದು ಹೇಳಿ ಅಂತ ಅದರಲ್ಲಿ ಕೇಳಿರುತ್ತಾರೆ. ನೋಟಿಸು ತಲುಪಿದ ದಿನದಿಂದ 30 ದಿನ ಸಮಯ. ಈ 30 ದಿನವೇ ಇಡೀ ಪ್ರಕ್ರಿಯೆಯಲ್ಲಿ ಮಾಲೀಕನ ಮಾತಿಗೆ ಹೆಚ್ಚು ತೂಕ ಇರುವ ಕಾಲ. "ಕೊಡಲ್ಲ" ಅಂತ ಒಂದು ಸಾಲು ಬರೆದುಕೊಟ್ಟರೆ ಅದು ಆಕ್ಷೇಪಣೆ ಅನ್ನಿಸಿಕೊಂಡರೂ ಅದರಲ್ಲಿ ಹುರುಳಿರುವುದಿಲ್ಲ. ಬೋರ್‌ವೆಲ್ ಎಷ್ಟು ಅಡಿ, ಯಾವ ಬೆಳೆ, ರೇಷ್ಮೆ ಮನೆ ಎಷ್ಟು ಉದ್ದ ಅಗಲ, ಮನೆಯವರ ಹೊಟ್ಟೆಪಾಡಿಗೆ ಬೇರೆ ಜಮೀನು ಇದೆಯೋ ಇಲ್ಲವೋ, ಪಕ್ಕದಲ್ಲಿ ಸರ್ಕಾರಿ ಜಾಗ ಖಾಲಿ ಇದೆಯೇ, ಸರ್ವೆ ನಂಬರಿನ ವಿಸ್ತೀರ್ಣ ಸರಿಯಾಗಿದೆಯೇ, ಇದೆಲ್ಲ ಅದರಲ್ಲಿ ಬರಬೇಕು. ಕೊಟ್ಟಿದ್ದಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಬೇಕು. ಮುಂದೆ ಕೋರ್ಟಿಗೆ ಹೋದರೆ ನ್ಯಾಯಾಧೀಶರು ಮೊದಲು ಕೇಳುವುದು, ಆವತ್ತು ನೀವು ಏನು ಹೇಳಿದ್ದಿರಿ, ಅದಕ್ಕೆ ಅಧಿಕಾರಿ ಏನು ಉತ್ತರ ಬರೆದರು ಅಂತ.

28(3) ವಿಚಾರಣೆ. ವಿಶೇಷ ಭೂಸ್ವಾಧೀನಾಧಿಕಾರಿಯ ಮುಂದೆ ಹಾಜರಾಗಿ ಹೇಳಿಕೊಳ್ಳುವ ಅವಕಾಶ. ಅದಾದ ಮೇಲೆ ಸರ್ಕಾರ ತೃಪ್ತಿಗೊಂಡರೆ 28(4), ಅಂತಿಮ ಅಧಿಸೂಚನೆ. ತಾಳಿ ಬೀಳುವುದು ಇಲ್ಲಿ. 28(5)ರ ಪ್ರಕಾರ ಆ ಪ್ರಕಟಣೆಯಿಂದಲೇ ಜಮೀನು ಎಲ್ಲ ಋಣಭಾರ ಕಳಚಿಕೊಂಡು ಸರ್ಕಾರದ್ದಾಗುತ್ತದೆ. ನೀವು ಇನ್ನೂ ಅದರಲ್ಲಿ ನಿಂತು ಕಳೆ ಕೀಳುತ್ತಿರಬಹುದು, ಕಾಗದದಲ್ಲಿ ಮಾತ್ರ ಮಾಲೀಕ ಬದಲಾಗಿರುತ್ತಾನೆ. ಆಮೇಲೆ 28(6)ರಡಿ 30 ದಿನದೊಳಗೆ ಸ್ವಾಧೀನ ಬಿಟ್ಟುಕೊಡಿ ಅನ್ನುವ ನೋಟಿಸು. ಬಿಡದಿದ್ದರೆ ಬಲ ಬಳಸಿ ತೆಗೆದುಕೊಳ್ಳುವ ಅಧಿಕಾರ 28(7)ರಲ್ಲಿದೆ. ಕೊನೆಯ ಮೆಟ್ಟಿಲು, ಸರ್ಕಾರ ಅದನ್ನು ಕೆಐಎಡಿಬಿ ಮಂಡಳಿಗೆ ವರ್ಗಾಯಿಸುವುದು.

ಇಲ್ಲೊಂದು ತೊಡಕಿದೆ. 2013ರ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆ ಆಗಿ 12 ತಿಂಗಳೊಳಗೆ ಅಂತಿಮ ಘೋಷಣೆ ಬರಬೇಕು, ಅದಾಗಿ ಮತ್ತೆ 12 ತಿಂಗಳೊಳಗೆ ಪರಿಹಾರದ ಐತೀರ್ಪು, ಅಂದರೆ ಇಷ್ಟು ಹಣ ಅಂತ ಅಧಿಕಾರಿ ಬರೆಯುವ ಆದೇಶ, ಆಗಬೇಕು. 1966ರ ಕಾಯ್ದೆಯಲ್ಲಿ 28(1)ಕ್ಕೂ 28(4)ಕ್ಕೂ ನಡುವೆ ಇಂತಿಷ್ಟು ದಿನ ಅಂತ ಬರೆದಿಲ್ಲ. ಹೀಗಾಗಿ ನೋಡಿ ಹೋದವರು ಮದುವೆಯನ್ನೂ ಮಾಡಿಕೊಳ್ಳದೆ, ಬೇಡ ಅಂತಲೂ ಹೇಳದೆ ವರ್ಷಗಟ್ಟಲೆ ಕಾಯಿಸಬಹುದು. ಹೈಕೋರ್ಟಿಗೆ ಹೋಗಿ 'ಇದು ವಿಪರೀತ ವಿಳಂಬ' ಅಂತ ವಾದಿಸುವುದು ಅಲ್ಲಿ ಉಳಿಯುವ ದಾರಿ. ಮೇಲೆ ಹೇಳಿದ 2024ರ ತೀರ್ಪಿನ 'ಮುಕ್ತಾಯದ ಹಕ್ಕು' ಕೆಲಸಕ್ಕೆ ಬರುವುದು ಇಂಥ ಕಡೆ.

ಎಕರೆಗೆ ಎಷ್ಟು? ಅದು ಹೇಗೆ?

ಎಲ್ಲರಿಗೂ ಬೇಕಾದದ್ದು ಈ ಲೆಕ್ಕ. 2013ರ ಕಾಯ್ದೆಯ ಸೂತ್ರದಿಂದ ಶುರು ಮಾಡೋಣ. 2015ರ ಜನವರಿಯಿಂದ ಹೆದ್ದಾರಿ ಸ್ವಾಧೀನಕ್ಕೂ ಇದೇ ಪರಿಹಾರ ಸೂತ್ರ ಅನ್ವಯಿಸುತ್ತದೆ.

ಮೊದಲು ಮಾರುಕಟ್ಟೆ ಬೆಲೆ ಕಂಡುಹಿಡಿಯಬೇಕು. ಒಂದು, ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ, ಅಂದರೆ ಗೈಡೆನ್ಸ್ ವ್ಯಾಲ್ಯೂ. ಇನ್ನೊಂದು, ಅದೇ ಊರಿನಲ್ಲಿ ಅಥವಾ ಹತ್ತಿರದ ಊರಿನಲ್ಲಿ ಹಿಂದಿನ ಮೂರು ವರ್ಷ ನೋಂದಣಿಯಾದ ಅಂಥದ್ದೇ ಜಮೀನುಗಳ ಕ್ರಯಪತ್ರ. ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧವನ್ನು ಮಾತ್ರ ತೆಗೆದುಕೊಂಡು ಸರಾಸರಿ ಹಾಕುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದು. ಹಳ್ಳಿಯ ಜಮೀನಾದರೆ ಅದನ್ನು ಪಟ್ಟಣದಿಂದ ಎಷ್ಟು ದೂರ ಅನ್ನುವುದರ ಮೇಲೆ ಒಂದರಿಂದ ಎರಡರವರೆಗಿನ ಸಂಖ್ಯೆಯಿಂದ ಗುಣಿಸುತ್ತಾರೆ. ಅದಕ್ಕೆ ಮರ, ಬೋರ್‌ವೆಲ್, ಮನೆ, ಶೆಡ್ಡುಗಳ ಬೆಲೆ ಕೂಡಿಸುತ್ತಾರೆ. ಬಂದ ಮೊತ್ತಕ್ಕೆ ಅಷ್ಟೇ ಇನ್ನೊಂದು ಮೊತ್ತ ಸೇರುತ್ತದೆ. ಇಷ್ಟವಿಲ್ಲದೆ ಬಿಡಬೇಕಾಗಿ ಬಂದದ್ದಕ್ಕೆ ಕೊಡುವ ಈ ಸಮಾಧಾನದ ಹಣಕ್ಕೆ ಕಾನೂನಿನ ಭಾಷೆಯಲ್ಲಿ ಸೊಲೇಷಿಯಂ ಅನ್ನುತ್ತಾರೆ.

ಲೆಕ್ಕಕ್ಕೆಂದು ಒಂದು ಎಕರೆ ಮಾವಿನ ತೋಟ ಹಿಡಿಯಿರಿ, ಸಂಖ್ಯೆಗಳು ಬರೀ ಉದಾಹರಣೆಗೆ. ಮಾರುಕಟ್ಟೆ ಬೆಲೆ 30 ಲಕ್ಷ. ಗುಣಕ ಒಂದೂವರೆ ಆದರೆ 45 ಲಕ್ಷ. ಮರಗಳು, ಬೋರ್‌ವೆಲ್ ಸೇರಿ 5 ಲಕ್ಷ ಬಂದರೆ 50 ಲಕ್ಷ. ಸೊಲೇಷಿಯಂ ಮತ್ತೆ 50 ಲಕ್ಷ. ಅಲ್ಲಿಗೆ ಒಂದು ಕೋಟಿ. ಇದರ ಜೊತೆಗೆ ಮೊದಲ 30 ಲಕ್ಷದ ಮೇಲೆ ವರ್ಷಕ್ಕೆ ಶೇ 12ರಂತೆ, ಅಂದರೆ 3.6 ಲಕ್ಷ, ಆರಂಭದ ಅಧಿಸೂಚನೆಯಿಂದ ಐತೀರ್ಪಿನ ದಿನದವರೆಗೆ ಅಥವಾ ಸ್ವಾಧೀನ ಪಡೆದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ.

ಈಗ ಇದನ್ನೇ ಉಲ್ಟಾ ನೋಡಿ. ಎಲ್ಲದಕ್ಕೂ ಬುಡ ಆ 30 ಲಕ್ಷ. ಅದು 12 ಲಕ್ಷ ಆಗಿದ್ದರೆ? ನಮ್ಮಲ್ಲಿ ಜಮೀನು ಮಾರುವಾಗ ಕೈಗೆ ಕೊಡುವುದೊಂದು, ಪತ್ರದಲ್ಲಿ ಬರೆಸುವುದೊಂದು. ನೋಂದಣಿ ಖರ್ಚು ಉಳಿಯಲಿ ಅಂತ 30 ಲಕ್ಷದ ವ್ಯವಹಾರವನ್ನು 12 ಲಕ್ಷಕ್ಕೆ ಬರೆಸುತ್ತಾರೆ. ಊರಿನ ಎಲ್ಲರೂ ಹತ್ತು ವರ್ಷ ಹೀಗೆ ಬರೆಸಿದ ಮೇಲೆ, ಸ್ವಾಧೀನದ ಅಧಿಕಾರಿಯ ಮೇಜಿನ ಮೇಲೆ ಬರುವ ಪುರಾವೆ ಏನು? ಅದೇ 12 ಲಕ್ಷದ ಕ್ರಯಪತ್ರಗಳು. "ಇಲ್ಲಿ ಎಕರೆ ಕೋಟಿ ಬಾಳುತ್ತೆ ಸಾರ್" ಅಂತ ಎದೆ ತಟ್ಟಿ ಹೇಳಬಹುದು, ಅದು ನಿಜವೂ ಇರಬಹುದು, ಆದರೆ ಅದನ್ನು ತೋರಿಸುವ ಒಂದು ಹಾಳೆ ಊರಿನಲ್ಲಿ ಇರುವುದಿಲ್ಲ. ಕೊಂಡವನು ಅಂದು ಉಳಿಸಿದ ಎರಡು ಕಾಸು ಪಕ್ಕದವನ ಪರಿಹಾರವನ್ನು ತಿನ್ನುತ್ತದೆ.

ಮಾರ್ಗಸೂಚಿ ದರದ ಕಥೆಯೂ ಹೀಗೇ. ಎತ್ತಿನಹೊಳೆ ಯೋಜನೆಯಲ್ಲಿ ಬೈರಗೊಂಡ್ಲು ಹತ್ತಿರ ಜಲಾಶಯ ಕಟ್ಟುವ ಪ್ರಸ್ತಾವ ಬಂದಾಗ ಮುಳುಗುವ ಜಮೀನು ಕೊರಟಗೆರೆ ತಾಲ್ಲೂಕಿನದ್ದೂ ಇತ್ತು, ದೊಡ್ಡಬಳ್ಳಾಪುರ ತಾಲ್ಲೂಕಿನದ್ದೂ ಇತ್ತು. ಬೆಂಗಳೂರಿಗೆ ಹತ್ತಿರದ ದೊಡ್ಡಬಳ್ಳಾಪುರದಲ್ಲಿ ದರ ಹೆಚ್ಚು, ಕೊರಟಗೆರೆಯಲ್ಲಿ ಕಡಿಮೆ. ಒಂದೇ ನೀರಿನಲ್ಲಿ ಮುಳುಗುವ ಎರಡು ಹೊಲಕ್ಕೆ ಎರಡು ಬೆಲೆ ಯಾಕೆ ಅಂತ ಕೊರಟಗೆರೆಯ ರೈತರು ಕೇಳಿದರು. ಕಾಗದದ ಸೂತ್ರಕ್ಕೆ ತಾಲ್ಲೂಕಿನ ಗಡಿ ಕಾಣುತ್ತದೆ, ಮಣ್ಣು ಕಾಣುವುದಿಲ್ಲ.

ಮರಗಿಡದ ಬೆಲೆ ಕಟ್ಟಲು ಕೃಷಿ, ತೋಟಗಾರಿಕೆ, ಅರಣ್ಯ, ರೇಷ್ಮೆ ಕ್ಷೇತ್ರದ ಅನುಭವಸ್ಥರನ್ನು ಕರೆಸಿಕೊಳ್ಳಲು ಕಾಯ್ದೆಯಲ್ಲೇ ಅವಕಾಶವಿದೆ. ರೇಷ್ಮೆಯ ಹೆಸರು ಕಾನೂನಿನಲ್ಲಿ ಇರುವುದು ನಮ್ಮ ಕಡೆಯವರಿಗೆ ಒಳ್ಳೆಯ ಹಿಡಿ. ಜಂಟಿ ಅಳತೆಗೆ ಬಂದ ದಿನ ಜಮೀನಿನಲ್ಲಿ ಖುದ್ದಾಗಿ ಇರಿ. ತಿಪಟೂರಿನ ಕಡೆ ತೆಂಗು, ಶ್ರೀನಿವಾಸಪುರದ ಕಡೆ ಮಾವು ಆದರೆ ಗಿಡ ಎಣಿಸುವಾಗ ಜೊತೆಗೆ ನಡೆಯಬೇಕು. ಮಹಜರಿನಲ್ಲಿ ಬಿಟ್ಟುಹೋದ ಮರಕ್ಕೆ ಆಮೇಲೆ ಬೆಲೆ ಕಟ್ಟಿಸುವುದು ಹೈರಾಣ.

ಕೈಗಾರಿಕಾ ಪ್ರದೇಶದ ಸ್ವಾಧೀನದಲ್ಲಿ ಸಾಮಾನ್ಯವಾಗಿ ಬೇರೆ ರೀತಿ ನಡೆಯುತ್ತದೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ರೈತರ ಜೊತೆ ಸಭೆ ಕೂತು ಎಕರೆಗೆ ಇಷ್ಟು ಅಂತ ಮಾತಾಡಿ ದರ ನಿಗದಿ ಮಾಡುತ್ತಾರೆ. ಒಪ್ಪಿದವರ ಜೊತೆ 29(2)ರಡಿ ಒಪ್ಪಂದ. ಹಣ ಬೇಡ ಅಂದರೆ ಎಕರೆಗೆ 10,781 ಚದರ ಅಡಿ ಅಭಿವೃದ್ಧಿಪಡಿಸಿದ ನಿವೇಶನ ಪಡೆಯುವ ಆಯ್ಕೆಯೂ ಇದೆ. ನಮ್ಮ ಲೆಕ್ಕದಲ್ಲಿ ಅದು ಹತ್ತು ಗುಂಟೆಗೆ ಸ್ವಲ್ಪ ಕಡಿಮೆ, ಹೆಚ್ಚುಕಡಿಮೆ ಕಾಲು ಎಕರೆ. ಹಣ ತ್ವರಿತ, ನಿವೇಶನ ನಿಧಾನ. ಬಡಾವಣೆ ಆಗಿ ರಸ್ತೆ, ಕರೆಂಟು ಬರುವವರೆಗೆ ಕಾಯುವ ಶಕ್ತಿ ಇದ್ದವರಿಗೆ ಮಾತ್ರ ಅದು ಲಾಭ.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಒಂದು ಗೊತ್ತಿರಲಿ. ಸಹಿ ಹಾಕಿ ಹಣ ಪಡೆದರೆ ಆಮೇಲೆ ಹೆಚ್ಚು ಕೊಡಿ ಅಂತ ಕೇಳುವ ದಾರಿ ಬಹುತೇಕ ಮುಚ್ಚುತ್ತದೆ. ಒಪ್ಪಂದ ಇಲ್ಲದೆ ಬಂದ ಐತೀರ್ಪಿನ ಹಣವನ್ನು 'ತಕರಾರಿನೊಂದಿಗೆ ಪಡೆದಿದ್ದೇನೆ' ಅಂತ ಬರೆದು ಪಡೆಯಬಹುದು. ವಕೀಲರು 'ಅಂಡರ್ ಪ್ರೊಟೆಸ್ಟ್' ಅನ್ನುವುದು ಇದನ್ನೇ. ಆ ಎರಡು ಪದ ಬರೆದಿದ್ದರೆ ಹೆಚ್ಚಿನ ಪರಿಹಾರಕ್ಕೆ ರೆಫರೆನ್ಸ್, ಅಂದರೆ ತಕರಾರನ್ನು ತೀರ್ಮಾನಕ್ಕೆ ಮೇಲಿನ ಪ್ರಾಧಿಕಾರಕ್ಕೆ ಕಳಿಸಿ ಅಂತ ಕೇಳುವ ಹಕ್ಕು ಉಳಿಯುತ್ತದೆ. ಬರೆಯದೆ ಪಡೆದರೆ 2013ರ ಕಾಯ್ದೆಯಡಿ ಆ ಹಕ್ಕು ಹೋಯಿತು.

ಹೆದ್ದಾರಿ ಹೊಲವನ್ನು ಸೀಳಿದರೆ

ಎಕ್ಸ್‌ಪ್ರೆಸ್‌ವೇ ಇಡೀ ಜಮೀನು ಕೇಳುವುದು ಅಪರೂಪ, ಒಂದು ಪಟ್ಟಿ ಕೇಳುತ್ತದೆ. ಮನೆ ಆ ಕಡೆ, ಬೋರ್‌ವೆಲ್ ಈ ಕಡೆ, ನಡುವೆ ದಾಟಲಾಗದ ಬೇಲಿ. ಹೋದ ಹದಿನೈದು ಗುಂಟೆಗಿಂತ ಉಳಿದ ಎರಡು ಎಕರೆಯ ಗೋಳೇ ದೊಡ್ಡದು. ಹೀಗೆ ತುಂಡಾಗಿ ಉಳಿದ ಭಾಗಕ್ಕಾದ ನಷ್ಟಕ್ಕೂ ಪರಿಹಾರ ಕೇಳಬಹುದು, ಆದರೆ ಕೇಳದೆ ಯಾರೂ ಕೊಡುವುದಿಲ್ಲ. ಹೆದ್ದಾರಿ ಕಾಯ್ದೆಯಲ್ಲಿ ದರದ ಬಗ್ಗೆ ತಕರಾರಿದ್ದರೆ ಮೊದಲು ಹೋಗಬೇಕಾದದ್ದು ಸಿವಿಲ್ ಕೋರ್ಟಿಗಲ್ಲ, ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಬಳಿಗೆ. ಹೆದ್ದಾರಿಗೆ ಹೋದ ಜಮೀನಿಗೆ ಸೊಲೇಷಿಯಂ ಇಲ್ಲ ಅನ್ನುತ್ತಿದ್ದ ಹಳೆಯ ನಿಯಮವನ್ನು ಸುಪ್ರೀಂ ಕೋರ್ಟು 2019ರಲ್ಲಿ ತೆಗೆದುಹಾಕಿದೆ.

ಆಕ್ಷೇಪಣೆಗೆ ಇಲ್ಲಿ 21 ದಿನ ಮಾತ್ರ. ಅದೂ ನಿಮ್ಮ ಕೈಗೆ ನೋಟಿಸು ಬಂದ ದಿನದಿಂದಲ್ಲ, ಅಧಿಸೂಚನೆ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ. ಅದರ ಸಾರ ಒಂದು ಕನ್ನಡ ಪತ್ರಿಕೆಯಲ್ಲೂ ಬರುತ್ತದೆ. ಸಣ್ಣ ಅಕ್ಷರದ ಸರ್ವೆ ನಂಬರಿನ ಆ ಜಾಹೀರಾತನ್ನು ಓದದೆ ಮಡಚಿಟ್ಟವರು ಎಷ್ಟೋ ಜನ.

ಹಣ ಬಂತು, ಯಾರ ಕೈಗೆ?

ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆಯೋ ನೋಟಿಸು ಅವರಿಗೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳ ಎಷ್ಟೋ ಪಹಣಿಗಳಲ್ಲಿ ಇರುವುದು ತೀರಿಹೋದ ತಾತನ ಹೆಸರು. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಿಲ್ಲ. ನಾಲ್ಕು ಜನ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು, ಬದು ಹಾಕಿಕೊಂಡು, ಮೂವತ್ತು ವರ್ಷ ಜಗಳವಿಲ್ಲದೆ ಉಂಡಿರುತ್ತಾರೆ. ಸ್ವಾಧೀನದ ಕಣ್ಣಿಗೆ ಆ ಬದು ಕಾಣುವುದಿಲ್ಲ. ಪೋಡಿ, ಅಂದರೆ ಭಾಗಗಳನ್ನು ಅಳೆದು ಬೇರೆ ಬೇರೆ ನಕ್ಷೆ ಮಾಡುವುದು, ಆಗಿಲ್ಲದಿದ್ದರೆ ಯಾರ ಭಾಗ ರಸ್ತೆಗೆ ಹೋಯಿತು, ಯಾರದ್ದು ಉಳಿಯಿತು ಅಂತ ನಕ್ಷೆ ಹೇಳುವುದಿಲ್ಲ.

ಆಮೇಲೆ ಹೆಣ್ಣುಮಕ್ಕಳ ಪ್ರಶ್ನೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಖಚಿತಪಡಿಸಿದೆ. ಹೊಲವಾಗಿದ್ದಷ್ಟು ದಿನ "ನಂಗ್ಯಾಕಣ್ಣ" ಅಂದ ತಂಗಿ, ಅದು ಚೆಕ್ಕಾದ ದಿನ ಕೇಳಿಕೊಂಡು ಬಂದರೆ ಅದರಲ್ಲಿ ತಪ್ಪೇನಿಲ್ಲ, ಅವಳ ಪಾಲು ಅದು. ಮನೆಯಲ್ಲಿ ಕೂತು ಮೊದಲೇ ಮಾತಾಡಿಕೊಳ್ಳದಿದ್ದರೆ ಒಂದು ತಕರಾರು ಅರ್ಜಿ ಸಾಕು, ಹಣವೆಲ್ಲ ನ್ಯಾಯಾಲಯದಲ್ಲಿ ಠೇವಣಿಯಾಗುತ್ತದೆ. ಜಮೀನೂ ಇಲ್ಲ, ಹಣವೂ ಇಲ್ಲ, ಕೇಸು ಮಾತ್ರ ಇದೆ ಅನ್ನುವ ಸ್ಥಿತಿ ಇಲ್ಲಿ ಹುಟ್ಟುತ್ತದೆ.

ಬಗರ್ ಹುಕುಂ ಉಳುಮೆಯವರ ಪಾಡು ಇದಕ್ಕಿಂತ ಕಷ್ಟ. ಮಂಜೂರಾತಿ ಇಲ್ಲದೆ ಎಷ್ಟು ವರ್ಷ ಉತ್ತರೂ ಕಾಗದದಲ್ಲಿ ಅದು ಸರ್ಕಾರದ ನೆಲ, ಮಾಲೀಕನ ಪರಿಹಾರ ಬರುವುದಿಲ್ಲ. ಸರ್ವೆ ನಂಬರಿನೊಳಗಿನ ಬಿ ಖರಾಬಿಗೂ, ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲಕ್ಕೂ ಅಷ್ಟೇ. ಆದರೆ 2013ರ ಕಾಯ್ದೆ 'ಬಾಧಿತ ಕುಟುಂಬ' ಅನ್ನುವ ವಿಶಾಲ ಪದ ಬಳಸುತ್ತದೆ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ನೆಲವನ್ನೇ ನಂಬಿ ಬದುಕಿದ ಗೇಣಿದಾರ, ಕೂಲಿಕಾರರೂ ಅದರೊಳಗೆ ಬರುತ್ತಾರೆ. ಅವರಿಗೆ ಉದ್ಯೋಗ, ಅಥವಾ ಒಂದೇ ಕಂತಿನಲ್ಲಿ 5 ಲಕ್ಷ ರೂಪಾಯಿ, ಅಥವಾ 20 ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿಯ ಆಯ್ಕೆಯನ್ನು ಆ ಕಾಯ್ದೆ ಕೊಡುತ್ತದೆ.

ಹಾಗಾದರೆ ಬೇಡ ಅನ್ನಲು ಆಗುವುದೇ ಇಲ್ಲವೇ?

ಕಾನೂನಿನ ಲೆಕ್ಕದಲ್ಲಿ ಕಷ್ಟ, ಊರಿನ ಲೆಕ್ಕದಲ್ಲಿ ಆಗಿದೆ. ನಮ್ಮ ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಗೆ ಅಧಿಸೂಚನೆ ಆಗಿತ್ತು. ಮೂರು ವರ್ಷ ದಾಟಿದ ಧರಣಿಯ ನಂತರ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು, ಸ್ವಇಚ್ಛೆಯಿಂದ ಕೊಡುವವರಿಂದ ಮಾತ್ರ ಪಡೆಯುತ್ತೇವೆ ಅಂದರು. ಅದು ಸರ್ಕಾರದ ತೀರ್ಮಾನ, ಕೋರ್ಟಿನದ್ದಲ್ಲ.

ತೆಗೆದುಕೊಳ್ಳದೆಯೂ ಯೋಜನೆ ಮಾಡಬಹುದು ಅನ್ನುವುದಕ್ಕೆ ತುಮಕೂರು ಜಿಲ್ಲೆಯಲ್ಲೇ ಉದಾಹರಣೆ ಇದೆ. ಪಾವಗಡದ ತಿರುಮಣಿ ಸುತ್ತಿನ ಸೌರ ಪಾರ್ಕು ಸುಮಾರು 13,000 ಎಕರೆಯಲ್ಲಿದೆ, 2,050 ಮೆಗಾವಾಟ್. ಅಲ್ಲಿ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿಯಲ್ಲಿ ರೈತನ ಹೆಸರೇ ಉಳಿಯಿತು. ಜಮೀನಿಲ್ಲದ ಕೂಲಿಯವರಿಗೆ ಮಾತ್ರ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ ಅನ್ನುವ ಕೊರಗು ಅಲ್ಲೂ ಇದೆ. ಫ್ಯಾಕ್ಟರಿಗೆ, ರಸ್ತೆಗೆ ಈ ಮಾದರಿ ಎಷ್ಟು ಹೊಂದುತ್ತದೆ ಅನ್ನುವುದು ಬೇರೆ ಮಾತು.

ಇನ್ನು ಜಮೀನು ತೆಗೆದುಕೊಂಡು ಹಣ ಕೊಡದೆ ಸತಾಯಿಸಿದರೆ? ಬೆಂಗಳೂರು ಮೈಸೂರು ಕಾರಿಡಾರ್ ರಸ್ತೆಗೆ 2003ರಲ್ಲಿ 1966ರ ಕಾಯ್ದೆಯಡಿಯೇ ಅಧಿಸೂಚನೆಯಾಗಿ, 2005ರಲ್ಲಿ ಜಮೀನು ಹೋದ ಮಾಲೀಕರಿಗೆ 2019ರವರೆಗೂ ಐತೀರ್ಪೇ ಆಗಿರಲಿಲ್ಲ. 2025ರ ಜನವರಿ 2ರಂದು ಸುಪ್ರೀಂ ಕೋರ್ಟು, ಅವರಿಗೆ 2003ರ ದರ ಕೊಡುವುದು ನ್ಯಾಯದ ಅಣಕ, 2019ರ ಏಪ್ರಿಲ್ 22ರ ಮಾರುಕಟ್ಟೆ ದರ ಕೊಡಿ ಅಂತ ಆದೇಶಿಸಿತು. ತಮ್ಮ ವಿಶೇಷ ಅಧಿಕಾರ ಬಳಸಿ ಕೊಟ್ಟ ಆದೇಶ ಅದು, ಎಲ್ಲರಿಗೂ ತಾನಾಗಿ ಸಿಗುವುದಲ್ಲ.

ಹಿರಿಯರಿಗೆ ನಾನು ಕೊಟ್ಟ ಉತ್ತರ ಇಷ್ಟು: ಜಮೀನು ಇನ್ನೂ ನಿಮ್ಮದೇ, ಸೊಪ್ಪು ಹಾಕಿ, ಹಾಕಿದ್ದನ್ನು ಫೋಟೋ ತೆಗೆಸಿಟ್ಟುಕೊಳ್ಳಿ. ಅವರು ಅಂಗಿ ಜೇಬಿನಿಂದ ನೋಟಿಸು ತೆಗೆದು ತೋರಿಸಿದರು. ನೋಟಿಸು ಮಾತ್ರ ಇತ್ತು. "ಲಕೋಟೆ ಎಲ್ಲಿ?" ಅಂದೆ. "ಅದ್ಯಾಕೆ, ಒಲೆಗಾಕಿದೆ" ಅಂದರು. 30 ದಿನ ಯಾವತ್ತಿನಿಂದ ಶುರುವಾಯಿತು ಅಂತ ಹೇಳುವ ಅಂಚೆ ಮುದ್ರೆ ಇದ್ದದ್ದು ಆ ಲಕೋಟೆಯ ಮೇಲೆ.